ಏನೂ ತಿನ್ನದ ಮಾಣಿ

ಕೋಟದ ಅಣ್ಣಯ್ಯ ಹೊಳ್ಳರ ಮೊಮ್ಮಗ ಏನನ್ನೂ ತಿನ್ನುವುದಿಲ್ಲ ಎಂಬ ಸುದ್ದಿ ಯುದ್ಧದ ಸುದ್ದಿಗಿಂತ ಮೊದಲೇ ಊರಿಗೆ ತಲುಪುತ್ತಿತ್ತು. ಯುದ್ಧದ ಸುದ್ದಿಗೆ ಪತ್ರಿಕೆ ಬರಬೇಕು, ಪತ್ರಿಕೆಗೆ ಇದ್ದಲಿನ ಗ್ಯಾಸಿನಲ್ಲಿ ಓಡುವ ಬಸ್ಸು ನಡುದಾರಿಯಲ್ಲಿ ಕೆಮ್ಮಿ ನಿಲ್ಲದೆ ಬರಬೇಕು. ಮಾಣಿಯ ಸುದ್ದಿಗೆ ಅಷ್ಟೆಲ್ಲ ಬೇಡ. ಅವನ ಅಜ್ಜಿ ಸರಸಮ್ಮ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೇಲಿಯ ಹತ್ತಿರ ಬಂದು ನಿಂತರೆ ಸಾಕು.

"ಎಂತ ಹೇಳುದ್ ಮಾರಾಯ್ತಿ, ಒಂದ್ ಅಗಳ್ ಒಳ್ಗ್ ಹೋತಿಲ್ಲ. ಗಾಳಿ ಕುಡ್ಕಂಡ್ ಬದ್ಕಿದ ಕಾಣ್," ಎಂದು ಅವರು ಆಚೆಮನೆಯವಳಿಗೆ ಹೇಳುವರು. ಹೇಳಿ ಮುಗಿಸುವುದರೊಳಗೆ ಮಾಣಿಯನ್ನು ಬಲಸೊಂಟದಿಂದ ಎಡಸೊಂಟಕ್ಕೂ ಎಡಸೊಂಟದಿಂದ ಬಲಸೊಂಟಕ್ಕೂ ಮೂರು ಸಲ ಬದಲಿಸಬೇಕಾಗುತ್ತಿತ್ತು. ಗಾಳಿ ಕುಡಿದು ಬದುಕಿದ ಮಗು ಅಷ್ಟು ಭಾರವಿತ್ತು.

ಆಚೆಮನೆಯವಳಿಗೂ ಇದು ಹೊಸತಲ್ಲ. ಅವಳೂ ತನ್ನ ಮೊಮ್ಮಗಳ ವಿಷಯದಲ್ಲಿ ಅದನ್ನೇ ಹೇಳುತ್ತಿದ್ದಳು. ಚೆನ್ನಾಗಿ ತಿನ್ನುವ ಮಗುವನ್ನು ಚೆನ್ನಾಗಿ ತಿನ್ನುತ್ತದೆ ಎಂದು ಬಾಯಿಬಿಟ್ಟು ಹೇಳಿದವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ. ಪರರ ಕಣ್ಣಾದರೆ ಒಂದು ಹಿಡಿ ಉಪ್ಪಿನಲ್ಲಿ ಹೋಗುತ್ತದೆ. ಮನೆಯವರ ಕಣ್ಣು ಅಷ್ಟು ಸುಲಭದಲ್ಲಿ ಬಿಡುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಹೆತ್ತವಳ ಕಣ್ಣು. ತಾಯಿ ಕಣ್ಣು ನಾಯಿ ಕಣ್ಣು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಆದಕಾರಣ ಹೊಳ್ಳರ ಮನೆಯಲ್ಲಿ ಮಾಣಿಗೆ ತಿನ್ನಿಸಿದವರು ತಿನ್ನಿಸಿದೆ ಎಂದು ಇನ್ನೊಬ್ಬರಿಗೆ ಹೇಳುವ ಪದ್ಧತಿ ಇರಲಿಲ್ಲ. ತಿನ್ನಿಸಿ, ಬಾಯಿ ಒರಸಿ, ಏನೂ ಆಗದವರಂತೆ ಮಾಣಿಯನ್ನು ಚಾವಡಿಯಲ್ಲಿ ಬಿಟ್ಟುಬಿಡುವುದು.

ಈ ಪದ್ಧತಿಯ ಕಷ್ಟ ಗೊತ್ತಿದ್ದವಳು ಒಬ್ಬಳೇ. ಮಾಣಿಯ ತಾಯಿ ಉಮಾವತಿ.

ಉಮಾವತಿ ಸಿದ್ದಾಪುರದ ಕಡೆಯ ಹೆಣ್ಣು. ಮದುವೆಯಾಗಿ ಕೋಟಕ್ಕೆ ಬಂದು ನಾಲ್ಕು ವರ್ಷ. ಗಂಡ ರಾಜೀವ ಬೊಂಬಾಯಿಯ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುತ್ತಿದ್ದ. ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದ. ಮನೆಯಲ್ಲಿ ಮಾವ ಅಣ್ಣಯ್ಯ ಹೊಳ್ಳರು, ಅತ್ತೆ ಸರಸಮ್ಮ, ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳಕೊಂಡು ತವರಿಗೆ ಬಂದಿದ್ದ ನಾದಿನಿ ಅಮ್ಮಣಿ, ಗದ್ದೆಯ ಕೆಲಸದ ಕುಷ್ಟ. ಮಾಣಿ ಚಂದುವನ್ನು ಬೆಳಿಗ್ಗೆ ತೊಳೆಯುವ ಕೆಲಸ ಮಾತ್ರ ಯಾರೂ ಅವಳಿಂದ ಕಸಿದುಕೊಳ್ಳಲು ಬಂದಿರಲಿಲ್ಲ. ಮನೆಯವರ ಬಾಯಿ ಏನು ಹೇಳಿದರೂ ತೊಳೆಯುವವಳ ಹತ್ತಿರ ಸುಳ್ಳು ನಡೆಯುವುದಿಲ್ಲ. ಮಗುವಿನ ಹೊಟ್ಟೆ ಚೆಂಡೆಯ ಹಾಗೆ ಬಿಗಿಯಾಗಿರುತ್ತಿತ್ತು. ಬೆರಳಿನಿಂದ ತಟ್ಟಿದರೆ ಸದ್ದು ಬರುತ್ತಿತ್ತು.

ನಡೆಯುತ್ತಿದ್ದುದು ಹೀಗೆ. ಹೊತ್ತು ಮೂಡುವಾಗ ಸರಸಮ್ಮ ರಾಗಿ ಮಣ್ಣಿ ಮಾಡುವರು. ರಾಗಿಯನ್ನು ನೆನೆಸಿ ಅರೆದು, ಹಾಲು ಹಿಂಡಿ, ಬೆಲ್ಲ ಹಾಕಿ ತಿರುವಿ ತಿರುವಿ ಗಟ್ಟಿ ಮಾಡಿದ ಮಣ್ಣಿ. ಅದಕ್ಕೆ ತುಪ್ಪ. ಮಾಣಿ ಅದನ್ನು ತಿಂದು ಅಂಗಳಕ್ಕೆ ಇಳಿಯುವಾಗ ಕುಷ್ಟ ಎಳನೀರಿನ ಬೊಂಡದ ಎಳೆಗಾಯನ್ನು ಬೆರಳಿನಲ್ಲಿ ಕೆರೆದು ಬಾಯಿಗಿಡುವನು. ಅಲ್ಲಿಂದ ಒಳಗೆ ಬಂದರೆ ಅಮ್ಮಣಿ. ಅವಳು ದೇವರ ಕೋಣೆಯ ಬಾಗಿಲಲ್ಲಿ ಕುಳಿತು ಅವಲಕ್ಕಿಗೆ ಕಾಯಿಹಾಲು, ಬೆಲ್ಲ, ಬಾಳೆಹಣ್ಣು ಕಲಸಿ ಕೊಡುವಳು. ದೇವರಿಗೆ ತೋರಿಸಿದ್ದನ್ನು ಬೇಡ ಎನ್ನಬಾರದು ಎಂದು ಅವಳ ವಾದ. ಎರಡು ವರ್ಷದ ಮಾಣಿಗೆ ಅಷ್ಟು ಭಕ್ತಿ ಇತ್ತು, ಬೇಡ ಎನ್ನುತ್ತಿರಲಿಲ್ಲ. ಇವರಲ್ಲಿ ಒಬ್ಬರಿಗೆ ಇನ್ನೊಬ್ಬರ ಸುದ್ದಿ ಗೊತ್ತಿಲ್ಲ. ಪ್ರತಿಯೊಬ್ಬರೂ ಮಾಣಿಯ ಪ್ರಾಣ ನಿಂತಿರುವುದು ತಮ್ಮೊಬ್ಬರ ಕೈಯಲ್ಲಿ ಎಂದು ನಂಬಿದ್ದರು.

ಮಧ್ಯಾಹ್ನ ಎಲ್ಲರೂ ಕಾಣುವ ಹಾಗೆ ಉಣ್ಣಿಸುವ ಸರದಿ ಉಮಾವತಿಯದು. ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆಯ ತೊವ್ವೆ, ಹರಿವೆಸೊಪ್ಪು ಕಿವುಚಿ ಅವಳು ತುತ್ತು ಎತ್ತಿದರೆ ಮಾಣಿ ಬಾಯಿಯನ್ನು ಬೀಗ ಹಾಕಿದ ಹಾಗೆ ಮುಚ್ಚಿ ಕುತ್ತಿಗೆ ತಿರುಗಿಸುವನು.

"ಕಂಡ್ಯಾ," ಎನ್ನುವರು ಸರಸಮ್ಮ. "ಹೆತ್ತವ್ಳ್ ಕೈಯಂಗ್ ಒಂದ್ ತುತ್ತ್ ಉಂತಿಲ್ಲ. ಕೈಗುಣ ಅಂದೇಳಿ ಒಂದ್ ಇತ್ತಲೆ."

"ಅವ್ಳಿಗೂ ಬೇಜಾರ್ ಆತ್ತ್ ಅಮ್ಮ, ಬಿಡಿ," ಎಂದು ಅಮ್ಮಣಿ ಮಧ್ಯೆ ಬಂದು, ಮಧ್ಯೆ ಬಂದ ದಾಕ್ಷಿಣ್ಯಕ್ಕೆ, "ಸಂಜೆಗ್ ನಾನ್ ಒಂಚೂರ್ ಕಾಂತೆ," ಎನ್ನುವಳು.

ಒಂದು ದಿನ ಉಮಾವತಿ ಧೈರ್ಯ ಮಾಡಿದಳು. ಅಡಿಗೆಮನೆಯಲ್ಲಿ ಯಾರೂ ಇಲ್ಲದಾಗ ಮೆಲ್ಲಗೆ, "ಅತ್ತೆ, ಮಾಣಿಗ್ ತಿಂಬುದ್ ಒಂಚೂರ್ ಜಾಸ್ತಿ ಆತಿತ್ತಾ ಅಂದೇಳಿ..." ಎಂದಳು.

ಸರಸಮ್ಮ ಹಿಟ್ಟು ಮೆತ್ತಿದ ಕೈಯಿಂದಲೇ ಅವಳ ಬಾಯಿ ಮುಚ್ಚಿದರು. ಮೂರು ಸಲ ಬದಿಗೆ ಉಗಿದರು. "ಹಾಂಗ್ ಹೇಳುಕಾಗ ಹೆಣೆ. ನೀನ್ ತಾಯಿಯಾ, ಎಂತ? ಇನ್ನೊಂದ್ ಸಲ ಆ ಮಾತ್ ನಿನ್ ಬಾಯಂಗ್ ಬಪ್ಪುಕಾಗ."

ಅಂದು ಸಂಜೆ ಆ ಮಾತಿನ ಪರಿಹಾರಕ್ಕೆಂದು ಮಾಣಿಗೆ ಅಕ್ಕಿ ಬೆಲ್ಲ ಕಾಯಿಸಿದ ಹಾಲುಬಾಯಿಯ ಒಂದು ತುಂಡು ಹೆಚ್ಚು ಸಿಕ್ಕಿತು.

ಅಷ್ಟರಲ್ಲಿ ಮಗ ಉಣ್ಣುವುದಿಲ್ಲ ಎಂಬ ಕಾಗದ ಬೊಂಬಾಯಿಗೂ ಹೋಗಿತ್ತು. ರಾಜೀವ ಊರಿಗೆ ಬರುವವರೊಬ್ಬರ ಕೈಯಲ್ಲಿ ಒಂದು ಡಬ್ಬಿ ಹಾಲುಪುಡಿ ಕಳಿಸಿದ. ಯುದ್ಧದ ಕಾಲದಲ್ಲಿ ಅದು ಸುಲಭದಲ್ಲಿ ಸಿಗುವ ವಸ್ತುವಲ್ಲ. ಡಬ್ಬಿಯ ಮೇಲೆ ಕೆನ್ನೆ ತುಂಬಿಕೊಂಡ ಬಿಳಿ ಮಗುವಿನ ಚಿತ್ರವಿತ್ತು. ಸರಸಮ್ಮ ಅದನ್ನು ತುಂಬ ಹೊತ್ತು ನೋಡಿ, ಯಾರದ್ದಾದರೂ ಮಗುವೇ ಅಲ್ಲವೆ ಎಂದು ಅದರ ಕೆನ್ನೆಗೂ ಒಂದು ಕಾಡಿಗೆ ಬೊಟ್ಟು ಇಟ್ಟರು. ಪುಡಿಯನ್ನು ಹಾಲಿನ ಬದಲಿಗೆ ಕೊಡಬೇಕು ಎಂದು ರಾಜೀವ ಬರೆದಿದ್ದ. ಬದಲಿಗೆ ಎಂಬ ಮಾತು ಆ ಮನೆಯಲ್ಲಿ ಯಾರಿಗೂ ಅರ್ಥವಾಗುವಂಥದ್ದಲ್ಲ. ಹಾಲಿಗೆ ಪುಡಿ ಹಾಕಿ ಕೊಟ್ಟರು.

ಕೊನೆಗೆ ಹೊಳ್ಳರೇ ಕುಂದಾಪುರದ ಡಾಕ್ಟರಿಗೆ ತೋರಿಸುವುದೆಂದು ಹೊರಟರು. ಸರಸಮ್ಮ, ಉಮಾವತಿ, ಮಾಣಿ ಎಲ್ಲರೂ ಬಸ್ಸು ಹತ್ತಿದರು. ದಾರಿಯಲ್ಲಿ ಹಸಿವಾದೀತೆಂದು ಎಳ್ಳುಂಡೆಯ ಒಂದು ಗಂಟು ಇತ್ತು. ಅದು ಕುಂದಾಪುರ ತಲುಪಲಿಲ್ಲ.

ಡಾಕ್ಟರು ಪ್ರಾಯದವರು, ಮದರಾಸಿನಲ್ಲಿ ಓದಿ ಬಂದವರು. ಹೊರಗೆ ಜನ ಕಾಯುತ್ತಿದ್ದುದರಿಂದ ಅವಸರದಲ್ಲಿದ್ದರು.

"ಮಗು ಏನು ತಿನ್ನುತ್ತದೆ?" ಎಂದು ಕೇಳಿದರು.

"ಎಂತದೂ ಇಲ್ಲ," ಎಂದರು ಸರಸಮ್ಮ.

"ಬೆಳಿಗ್ಗೆ?"

"ಎಂತದೂ ಇಲ್ಲ."

"ರಾತ್ರಿ?"

"ನಮ್ಗ್ ಕಾಂಬುಕೆ ಎಂತದೂ ಇಲ್ಲ."

ಡಾಕ್ಟರು ಮಗುವಿನ ಹೊಟ್ಟೆ ಒತ್ತಿ ನೋಡಿ, ಸರಸಮ್ಮನ ಮುಖ ನೋಡಿ, ಪುನಃ ಹೊಟ್ಟೆ ನೋಡಿದರು. "ತಾಯಿ ಏನು ಹೇಳ್ತೀರಿ?" ಎಂದು ಉಮಾವತಿಯ ಕಡೆ ತಿರುಗಿದರು. ಉಮಾವತಿ ಬಾಯಿ ತೆರೆದಳು. ಬೆನ್ನಿನ ಹಿಂದೆ ಅತ್ತೆಯ ಎರಡು ಬೆರಳು ಅವಳ ರಟ್ಟೆಯ ಮಾಂಸವನ್ನು ಹಿಡಿದು ತಿರುಚಿದವು. ತೆರೆದ ಬಾಯಿ ಮುಚ್ಚಿತು.

ಏನೂ ತಿನ್ನದ ಮಗುವಿಗೆ ಏನು ಬರೆಯಬೇಕೋ ಅದನ್ನೇ ಡಾಕ್ಟರು ಬರೆದರು. ಹಾಲು, ಬೇಯಿಸಿ ಕಿವುಚಿದ ಸೊಪ್ಪು, ಕಿತ್ತಳೆಹಣ್ಣಿನ ರಸ, ದಿನಕ್ಕೊಂದು ಮೊಟ್ಟೆಯ ಹಳದಿ ಭಾಗ.

ಹೊಳ್ಳರು ಎದ್ದು ನಿಂತರು. "ಮೊಟ್ಟೆಯಾ? ನಾವ್ ಕೋಟದ್ ಬ್ರಾಹ್ಮಣ್ರ್."

"ನನಗೆ ಗೊತ್ತುಂಟು," ಎಂದರು ಡಾಕ್ಟರು. "ಮಗುವಿನ ಹೊಟ್ಟೆಗೆ ಗೊತ್ತಿಲ್ಲ."

ಬಸ್ಸಿನಲ್ಲಿ ಬರುವಾಗ ಹೊಳ್ಳರು ಈ ಮಾತನ್ನು ಡ್ರೈವರನಿಂದ ಹಿಡಿದು ಹಿಂದಿನ ಸೀಟಿನಲ್ಲಿದ್ದ ಕೋಳಿಬುಟ್ಟಿಯವನ ತನಕ ಎಲ್ಲರಿಗೂ ಹೇಳಿದರು. ಕಾಲ ಕೆಟ್ಟಿತು ಎಂದು ಎಲ್ಲರೂ ಒಪ್ಪಿದರು, ಕೋಳಿಬುಟ್ಟಿಯವನೂ ಒಪ್ಪಿದ. ಮನೆಗೆ ಬಂದು ಹೊಳ್ಳರು ತಲೆಗೆ ಸ್ನಾನ ಮಾಡಿದರು. ಚೀಟಿಯನ್ನು ಒಲೆಗೆ ಹಾಕುತ್ತೇನೆಂದು ಹೇಳಿ ಪಂಚಾಂಗದ ನಡುವೆ ಇಟ್ಟರು.

ಆ ಮೇಲೆ ಹೊಳ್ಳರಿಗೆ ಬ್ರಹ್ಮಾವರದ ಕಡೆ ಕೆಲಸ ಹೆಚ್ಚಾಯಿತು. ಅಲ್ಲಿ ಒಂದು ಗದ್ದೆಯ ಗಡಿಯ ತಕರಾರು ಹತ್ತು ವರ್ಷದಿಂದ ಮಲಗಿತ್ತು, ಈಗ ಎದ್ದಿತು. ವಾರಕ್ಕೆರಡು ಸಲ ಮಾಬುಕಳದ ಹೊಳೆಯನ್ನು ದೋಣಿಯಲ್ಲಿ ದಾಟಿ ಹೋಗುವರು. ಬಂದವರು ಕಾಲು ತೊಳೆಯುವ ಮೊದಲೇ ಮಾಣಿಯನ್ನು ಎತ್ತಿಕೊಂಡು, "ದನ ತೋರ್ಸ್ಕಂಡ್ ಬತ್ತೆ," ಎಂದು ಕೊಟ್ಟಿಗೆಗೆ ನಡೆಯುವರು. ದನವನ್ನು ದಿನವೂ ನೋಡುವ ಮಾಣಿಗೆ ಅಷ್ಟು ಹೊತ್ತು ತೋರಿಸುವಂಥ ಹೊಸ ದನ ಕೊಟ್ಟಿಗೆಯಲ್ಲಿರಲಿಲ್ಲ.

ಒಂದು ಸಂಜೆ ಮಗುವಿನ ಗಲ್ಲ ತೊಳೆಯುವಾಗ ಉಮಾವತಿಗೆ ಬಾಳೆಹಣ್ಣಿನ ಜೊತೆ ಹಳದಿಯ ಒಂದು ಪುಡಿ ಕಂಡಿತು. ಮೂಸಿ ನೋಡಿದಳು. ಸಿದ್ದಾಪುರದ ತವರುಮನೆಯ ಹಿತ್ತಲಾಚೆ ಕೋಳಿ ಸಾಕುವ ಪೂಜಾರಿಗಳ ಮನೆ. ಆ ವಾಸನೆ ಅವಳಿಗೆ ಗೊತ್ತಿತ್ತು. ಮರುದಿನ ಸಗಣಿ ಹಾಕಲು ಹೋದಾಗ ಗೊಬ್ಬರದ ಗುಂಡಿಯ ಅಂಚಿನಲ್ಲಿ ಬಿಳಿಯ ಚಿಪ್ಪಿನ ಎರಡು ಚೂರು ಕಂಡವು. ಉಮಾವತಿ ಆಚೀಚೆ ನೋಡಿ, ಸಗಣಿಯನ್ನು ಅದರ ಮೇಲೆಯೇ ಹಾಕಿದಳು. ಈ ಮನೆಯಲ್ಲಿ ಮಗುವಿನ ಮೇಲೆ ಎಲ್ಲರಿಗೂ ಇರುವ ಪ್ರೀತಿ ಕಂಡು ಅವಳಿಗೆ ಹೆದರಿಕೆಯಾಗತೊಡಗಿತು.

ಹೆದರಿದಂತೆಯೇ ಆಯಿತು. ಹಲಸು ಹಣ್ಣಾಗುವ ಕಾಲ. ತೆಂಗಿನಕಾಯಿ ಕೀಳಲು ಬಂದ ಚಂದಯ್ಯ ಮರದಿಂದ ಇಳಿದು, ಹಲಸಿನ ಕಡುಬು ಹಿಡಿದು ಕುಳಿತಿದ್ದ ಮಾಣಿಯನ್ನು ಕಂಡು, "ಮಾಣಿ ಗುಂಡ್ ಗುಂಡಗ್ ಆಯ್ದ," ಎಂದುಬಿಟ್ಟ. ಅವನಿಗೆ ಮಕ್ಕಳಿರಲಿಲ್ಲ, ಪದ್ಧತಿ ಗೊತ್ತಿರಲಿಲ್ಲ. ಅಂದು ಮಧ್ಯಾಹ್ನವೇ ಮಾಣಿ ಕಾರಿಕೊಂಡ. ಮರುದಿನ ಹೊಟ್ಟೆ ಇನ್ನೂ ಉಬ್ಬಿ ಮೈ ಬಿಸಿಯಾಯಿತು. ಮೂರನೆಯ ದಿನ ಅಳುವುದಕ್ಕೂ ತ್ರಾಣವಿಲ್ಲದೆ ತಾಯಿಯ ಹೆಗಲ ಮೇಲೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದ.

ದೃಷ್ಟಿ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಸರಸಮ್ಮ ಎರಡು ಸಂಜೆ ಚಂದಯ್ಯನ ಹೆಸರಿನಲ್ಲಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಇಳಿಯಲಿಲ್ಲ. ಖಾಲಿ ಹೊಟ್ಟೆಯಲ್ಲಿ ಮಗು ಸೋಲುತ್ತದೆಂದು ನಡುನಡುವೆ ಒಬ್ಬೊಬ್ಬರೂ ಗುಟ್ಟಿನಲ್ಲಿ ಒಂದೊಂದು ಚಮಚ ಬಾಯಿಗೆ ಹಾಕುತ್ತಲೂ ಇದ್ದರು.

ಮೂರನೆಯ ಸಂಜೆ ಸರಸಮ್ಮ ಸೊಸೆಯನ್ನು ಕರೆದು ಕೂರಿಸಿದರು. "ಪರರ ಕಣ್ಣಾದ್ರೆ ಇಷ್ಟೊತ್ತಿಗ್ ಹೋಯ್ಕಿತ್ತ್. ಇದ್ ಪರರದ್ದಲ್ಲ." ಸ್ವರ ತಗ್ಗಿಸಿ, "ಅವತ್ತ್ ನೀನ್ ಒಂದ್ ಮಾತ್ ಹೇಳಿದ್ಯಲೆ. ತಾಗ್ಸ್‌ದವ್ಳೇ ತೆಗೀಕ್," ಎಂದರು.

ಉಮಾವತಿ ಎದ್ದು ಒಲೆಯಿಂದ ಕೆಂಡ ತೆಗೆದಳು. ಮಗುವನ್ನು ಚಾವಡಿಯ ನಡುವೆ ಮಣೆಯ ಮೇಲೆ ಅಮ್ಮಣಿಯ ತೊಡೆಗೆ ಒರಗಿಸಿ ಕೂರಿಸಿದಳು. ಮುಂದೆ ಕೆಂಡದ ಮಡಕೆ. ಕೈಯಲ್ಲಿ ಉಪ್ಪು, ಸಾಸಿವೆ, ಒಣಮೆಣಸು, ಹಿಡಿಪೊರಕೆಯ ಎರಡು ಕಡ್ಡಿ. ಹೊಳ್ಳರು ಕಂಬಕ್ಕೆ ಒರಗಿ ಕುಳಿತಿದ್ದರು. ಕುಷ್ಟ ಅಂಗಳದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ದೃಷ್ಟಿ ತೆಗೆಯುವಾಗ ಯಾರೂ ಏಳುವಂತಿಲ್ಲ, ಮಾತಾಡುವಂತಿಲ್ಲ. ತೆಗೆಯುವವರು ಯಾವ ಯಾವ ಕಣ್ಣಿನ ಹೆಸರು ಹೇಳುತ್ತಾರೋ ಅದೆಲ್ಲ ಬೆಂಕಿಗೆ ಹೋಗಿ ಸುಡುತ್ತದೆ, ಹೇಳಿದ್ದಕ್ಕೆ ದೋಷವಿಲ್ಲ. ಉಮಾವತಿಗೆ ಇದು ಮುಷ್ಟಿ ಎತ್ತಿ ಮೊದಲ ಸುತ್ತು ತಿರುಗಿಸುವಾಗ ಹೊಳೆಯಿತು.

"ಊರ ಕಣ್ಣ್, ಕೇರಿ ಕಣ್ಣ್," ಎಂದು ಎಲ್ಲರ ಹಾಗೆಯೇ ಶುರುಮಾಡಿದಳು. "ನಾಯಿ ಕಣ್ಣ್, ನರಿ ಕಣ್ಣ್, ಚಂದಯ್ಯನ ಕಣ್ಣ್."

ಎರಡನೆಯ ಸುತ್ತಿಗೆ ಅವಳ ಸ್ವರ ಸ್ವಲ್ಪ ಗಟ್ಟಿಯಾಯಿತು.

"ಬೆಳಿಗ್ಗೆ ಕುಡಿಬಾಳೆಲೆ ತುಂಬ ರಾಗಿ ಮಣ್ಣಿ ಕಂಡ್ ಕಣ್ಣ್. ಮಣ್ಣಿ ಮೇಲ್ ಎರಡ್ ಸೌಟ್ ತುಪ್ಪ ಕಂಡ್ ಕಣ್ಣ್. ಅದ್ರ್ ಬೆನ್ನಿಗೇ ಅಂಗಳದಂಗ್ ಬೊಂಡದ್ ಕಾಯಿ ಕಂಡ್ ಕಣ್ಣ್."

ಕುಷ್ಟ ತಲೆ ತಗ್ಗಿಸಿದ. ಸರಸಮ್ಮ ಅವನ ಕಡೆ ತಿರುಗಿದರು, ಅವನು ಅವರ ಕಡೆ ತಿರುಗಲಿಲ್ಲ.

"ದೇವ್ರ್ ಕೋಣೆ ಬಾಗ್ಲಂಗ್ ಅವಲಕ್ಕಿ ಕಂಡ್ ಕಣ್ಣ್. ಕಾಯಿಹಾಲ್ ಕಣ್ಣ್, ಬಾಳೆಹಣ್ಣ್ ಎರಡ್ರ್ ಕಣ್ಣ್. ಹಾಲಿಗ್ ಹಾಲ್‌ಪುಡಿ ಹಾಕ್ದ್ ಕಣ್ಣ್. ಮಧ್ಯಾಹ್ನ ತಾಯಿ ಕೈಯಂಗ್ ಉಣ್ಣದ್ ಬಾಯಿಗ್ ಮೂರ್ ಗಂಟಿಗ್ ಹಾಲುಬಾಯಿ ಹಾಕ್ದ್ ಕಣ್ಣ್. ನಾಲ್ಕ್ ಗಂಟಿಗ್ ಎಳ್ಳುಂಡಿ ಕಣ್ಣ್. ಹಲಸಿನ್ ಕಡ್ಬ್ ಮೂರ್, ಮೂರಕ್ಕೂ ಮೂರ್ ಕಣ್ಣ್."

ಅಮ್ಮಣಿಯ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಅವಳು ತಾಯಿಯನ್ನು ನೋಡಿದಳು. ತಾಯಿ ಅವಳನ್ನು ನೋಡಿದರು. ಇಷ್ಟು ದಿನ ಮಾಣಿಯ ಪ್ರಾಣ ಕಾಯುತ್ತಿದ್ದವರು ತಾನೊಬ್ಬಳೇ ಅಲ್ಲ ಎಂಬುದು ಇಬ್ಬರಿಗೂ ಅದೇ ಗಳಿಗೆಯಲ್ಲಿ ತಿಳಿಯಿತು. ಮಾತಾಡುವಂತಿರಲಿಲ್ಲ.

ಮೂರನೆಯ ಸುತ್ತು. ಉಮಾವತಿ ಮುಷ್ಟಿಯನ್ನು ಮೇಲೆತ್ತಿ ಅಲ್ಲೇ ನಿಲ್ಲಿಸಿದಳು.

"ಕೊಟ್ಗಿ ಕಣ್ಣ್," ಎಂದಳು ನಿಧಾನವಾಗಿ.

ಕಂಬಕ್ಕೆ ಒರಗಿದ್ದ ಹೊಳ್ಳರ ಬೆನ್ನು ನೆಟ್ಟಗಾಯಿತು.

"ದೋಣಿ ದಾಟಿ ಬಂದದ್ರ್ ಕಣ್ಣ್."

ಹೊಳ್ಳರು ಸೊಸೆಯ ಮುಖ ನೋಡಿದರು. ಮದುವೆಯಾಗಿ ಬಂದ ಮೇಲೆ ಅವಳ ಮುಖವನ್ನು ಅವರು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಅವಳು ಕಣ್ಣು ತಗ್ಗಿಸಲಿಲ್ಲ. ಮುಂದೆ ಹೇಳಲೂ ಇಲ್ಲ. ಮುಷ್ಟಿಯನ್ನು ಕೆಂಡದ ಮೇಲೆ ಬಿಚ್ಚಿದಳು. ಉಪ್ಪು ಚಟಪಟ ಎಂದಿತು. ಮರುಕ್ಷಣ ಮೆಣಸಿನ ಘಾಟು ಎದ್ದು ಚಾವಡಿ ತುಂಬಿ, ಹೊಳ್ಳರಿಗೆ, ಸರಸಮ್ಮನಿಗೆ, ಅಮ್ಮಣಿಗೆ, ಅಂಗಳದ ಕುಷ್ಟನಿಗೆ ಒಟ್ಟಿಗೆ ಕೆಮ್ಮು ಬಂತು. ಕಣ್ಣಲ್ಲಿ ನೀರು ಸುರಿಯಿತು.

ದೃಷ್ಟಿಯಾಗಿದ್ದರೆ ಮೆಣಸು ಎಷ್ಟು ಸುಟ್ಟರೂ ಘಾಟು ಏಳುವುದಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಹಿಂದಿನ ಎರಡು ಸಂಜೆಯೂ ಕೆಮ್ಮು ಬಂದಿತ್ತು. ಆಗ ಅದನ್ನು ಗಮನಿಸಲು ಯಾರಿಗೂ ಮನಸ್ಸಿರಲಿಲ್ಲ.

"ಕೆಮ್ಮ್ ಬಂತ್," ಎಂದರು ಹೊಳ್ಳರು, ಕೆಮ್ಮಿನ ನಡುವೆ. "ದೃಷ್ಟಿ ಅಲ್ಲ."

"ಹಂಗಾರೆ ಎಂತ?" ಎಂದರು ಸರಸಮ್ಮ.

"ಎಂತ ಅಂತ ಕೇಂತ್ಯಾ? ಈಗ ಇಷ್ಟೊತ್ತ್ ಕೇಂಡದ್ದ್ ಸಾಕಾಯಿಲ್ಯಾ? ಅದ್ ಮಾಣಿಯಾ, ಉಗ್ರಾಣವಾ?"

"ನಂಗೆಂತ ಗೊತ್ತ್, ಇವ್ಳೂ ಕೊಡ್ತ್ಳ್ ಅಂದೇಳಿ," ಎಂದು ಸರಸಮ್ಮ ಮಗಳನ್ನು ತೋರಿಸಿದರು.

"ನಂಗೆಂತ ಗೊತ್ತ್, ನೀವು ಕೊಡ್ತ್ರಿ ಅಂದೇಳಿ," ಎಂದಳು ಅಮ್ಮಣಿ. "ದಿನಾ ಬೇಲಿ ಬದಿಗ್ ನಿಂತ್ಕಂಡ್ ಎಂತದೂ ತಿಂತಿಲ್ಲ ಅಂತ ಹೇಳ್ತಿದ್ದದ್ ಯಾರ್?"

"ಹೇಳುದಲ್ದೆ ಮತ್ತೆಂತ ಮಾಡುದ್?"

"ಹೇಳಿ. ನಂಬುವವ್ಳ್ ಹೆಡ್ಡಿ ನಾನ್."

ಸರಸಮ್ಮ ಸೆರಗಿನಿಂದ ಕಣ್ಣೊರಸಿಕೊಂಡರು. ಘಾಟಿನ ನೀರೋ ಬೇರೆಯದೋ ಗೊತ್ತಾಗಲಿಲ್ಲ. ಆಮೇಲೆ ಏನೋ ನೆನಪಾಗಿ ಸೊಸೆಯ ಕಡೆ ತಿರುಗಿದರು. "ಅದೆಲ್ಲ ಸಮ. ಕೊಟ್ಗಿ ಕಣ್ಣ್ ಅಂದ್ರ್ ಎಂತದ್ ಹೆಣೆ? ಕೊಟ್ಗಿಯಂಗ್ ಯಾರ್ ಎಂತ ಕೊಟ್ರ್?"

ಹೊಳ್ಳರು ಜನಿವಾರವನ್ನು ಹಿಡಿದು ಸರಿಮಾಡಿಕೊಂಡರು. ಅದು ಸರಿಯಾಗಿಯೇ ಇತ್ತು.

"ದನದ್ ಕಣ್ಣ್ ಅತ್ತೆ," ಎಂದಳು ಉಮಾವತಿ. "ಮಾವ ದಿನಾ ದನ ತೋರ್ಸುಕ್ ಕರ್ಕಂಡ್ ಹೋತ್ರಲೆ."

"ದನದ್ ಕಣ್ಣ್ ತಾಗುದಿಲ್ಲ."

"ಇನ್ ಮೇಲ್ ಅಲ್ಲಿಗ್ ಹೋಯ್ಕಂತಿಲ್ಲ ಬಿಡ್," ಎಂದು ಹೊಳ್ಳರು ಬೇಗ ಬೇಗ ಎದ್ದರು. ಎದ್ದವರು ಮನೆಯ ಯಜಮಾನರ ಸ್ವರದಲ್ಲಿ, ಕೋರ್ಟಿನಲ್ಲಿ ತೀರ್ಪು ಓದುವವರ ಹಾಗೆ, "ನಾಳೆಯಿಂದ ಮಾಣಿ ಬಾಯಿಗ್ ಎಂತ ಹೋಯ್ಕಾರೂ ಉಮಾವತಿ ಕೈಯಂಗೇ ಹೋಯ್ಕ್. ಬೇರೆ ಯಾರ್ ಕೊಟ್ರೂ, ದೇವ್ರ್ ಹೆಸ್ರಂಗ್ ಕೊಟ್ರೂ, ನಂಗ್ ಆಗ. ಕುಷ್ಟ, ನಿಂಗೂ ಹೇಳಿದ್ದ್," ಎಂದರು.

ಮನೆಯಲ್ಲಿ ಆ ತನಕ ಯಾವ ವಿಷಯದಲ್ಲೂ ಸೊಸೆಯ ಪಕ್ಷ ವಹಿಸದಿದ್ದ ಗಂಡನಿಗೆ ಇದ್ದಕ್ಕಿದ್ದಂತೆ ಏನಾಯಿತು ಎಂದು ಸರಸಮ್ಮನಿಗೆ ಕೊನೆಗೂ ಗೊತ್ತಾಗಲಿಲ್ಲ. ಸೊಸೆಯ ಕೈಯಲ್ಲಿ ಏನೋ ಮದ್ದು ಇದೆ ಎಂದು ಮಾತ್ರ ಅನುಮಾನ ಬಂತು. ಹೆದರಿಕೆಯೂ ಬಂತು.

ಮರುದಿನ ಮಾಣಿಗೆ ಗಂಜಿಯ ತೆಳಿ ಮಾತ್ರ. ಚಿಟಿಕೆ ಉಪ್ಪು, ಒಂದು ಚಮಚ ಓಮದ ನೀರು. ಸರಸಮ್ಮ ನಾಲ್ಕು ಸಲ ಅಡಿಗೆಮನೆಯ ಬಾಗಿಲಿಗೆ ಬಂದರು, ನಾಲ್ಕು ಸಲ ಹಾಗೆಯೇ ಹಿಂದೆ ಹೋದರು. ಅಮ್ಮಣಿ ಅಂದು ದೇವರ ಮುಂದೆ ಬಹಳ ಹೊತ್ತು ಕುಳಿತಳು. ತೋರಿಸಿದ ಅವಲಕ್ಕಿಯನ್ನು ತಿನ್ನುವವರಿಲ್ಲದೆ ತಾನೇ ತಿಂದಳು. ಇಷ್ಟು ವರ್ಷದಲ್ಲಿ ಅವಳ ಕೈಯಿಂದ ಯಾರಾದರೂ ಆಸೆಪಟ್ಟು ತಿಂದದ್ದಿದ್ದರೆ ಈ ಮಾಣಿ ಒಬ್ಬನೇ. ಉಮಾವತಿ ಅದನ್ನು ಕಂಡು, "ಅತ್ಗೆ, ಗುಣ ಆದ್ಮೇಲ್ ಸಂಜೆ ಹೊತ್ತಿಂದ್ ನೀವೇ ಕಾಣಿ. ನಾನ್ ಹೇಳ್ದಷ್ಟೇ," ಎಂದಳು. ಅಮ್ಮಣಿ ತಲೆಯಾಡಿಸಿದಳು.

ಎರಡನೆಯ ದಿನ ಹೊಟ್ಟೆ ಇಳಿಯಿತು. ಮೈ ತಣ್ಣಗಾಯಿತು.

ಮೂರನೆಯ ದಿನ ಹೊತ್ತು ನೆತ್ತಿಗೆ ಬರುವಾಗ ಚಾವಡಿಯಲ್ಲಿ ಮಾಣಿ ಅಳತೊಡಗಿದ. ನೋವಿನ ಅಳು ಅಲ್ಲ, ನಿದ್ದೆಯ ಅಳು ಅಲ್ಲ, ಹಠದ ಅಳೂ ಅಲ್ಲ. ಹೊಳ್ಳರು ಪಂಚಾಂಗ ಬಿಟ್ಟು ಬಂದರು. ಸರಸಮ್ಮ ಹಣೆ ಮುಟ್ಟಿ ನೋಡಿದರು. ಅಮ್ಮಣಿ ಹೊಟ್ಟೆ ಮುಟ್ಟಿ ನೋಡಿದಳು. ಇದು ಯಾವ ರೋಗದ ಅಳು ಎಂದು ಮೂವರಿಗೂ ತಿಳಿಯಲಿಲ್ಲ. ಆ ಮನೆಯಲ್ಲಿ ಹುಟ್ಟಿದ ಮೇಲೆ ಅವನು ಹಾಗೆ ಅತ್ತದ್ದೇ ಇಲ್ಲ.

"ಎಂತದೂ ಅಲ್ಲ," ಎಂದಳು ಒಳಗಿನಿಂದ ಬಂದ ಉಮಾವತಿ. "ಹಸಿವ್ ಆಯ್ತ್ ಅವ್ನಿಗ್."

ಮಾಣಿ ಅವಳ ಸೀರೆ ಹಿಡಿದುಕೊಂಡೇ ಅಡಿಗೆಮನೆಗೆ ಬಂದ. ಅವಳು ಕುಚ್ಚಲಕ್ಕಿ ಗಂಜಿಯನ್ನು ಚೆನ್ನಾಗಿ ಕಿವುಚಿ, ಬೇಯಿಸಿದ ಹರಿವೆಸೊಪ್ಪು ಒಂದಿಷ್ಟು ಸೇರಿಸಿ, ಉಗುರಿನಷ್ಟು ತುಪ್ಪ ಹಾಕಿ ಬಟ್ಟಲನ್ನು ಅವನ ಮುಂದಿಟ್ಟಳು. ತುತ್ತು ಎತ್ತಲಿಲ್ಲ. ಕಾಗೆ, ಚಂದ್ರ ಯಾವುದನ್ನೂ ಕರೆಯಲಿಲ್ಲ. ಮಾಣಿ ಸ್ವಲ್ಪ ಹೊತ್ತು ಅವಳ ಕೈಯನ್ನೇ ನೋಡಿದ. ಆ ಕೈ ಏಳದಿದ್ದಾಗ ತನ್ನ ಕೈಯನ್ನೇ ಬಟ್ಟಲಿಗೆ ಹಾಕಿದ. ಅರ್ಧ ಬಾಯಿಗೆ, ಅರ್ಧ ಹೊಟ್ಟೆಯ ಹೊರಭಾಗಕ್ಕೆ. ಮೂಗಿಗೂ ಹೋಯಿತು. ಬಾಗಿಲಲ್ಲಿ ಮೂವರೂ ನಿಂತಿದ್ದರು.

ಬಟ್ಟಲಿನ ತಳದಲ್ಲಿ ಇನ್ನೂ ಎರಡು ತುತ್ತಿನಷ್ಟು ಇರುವಾಗ ಮಾಣಿ ಕೈ ನಿಲ್ಲಿಸಿ ಬಟ್ಟಲನ್ನು ದೂರ ತಳ್ಳಿದ.

"ಇನ್ನೊಂದೇ ಒಂದ್..." ಎಂದು ಸರಸಮ್ಮ ಹೊಸ್ತಿಲು ದಾಟಿ ಬಗ್ಗಿದರು.

"ಅವ್ನಿಗ್ ಸಾಕಾಯ್ತ್ ಅತ್ತೆ," ಎಂದು ಉಮಾವತಿ ಬಟ್ಟಲನ್ನು ಎತ್ತಿಕೊಂಡು ತೊಳೆಯಲು ಹೊರಗೆ ಹೋದಳು.